ಕೂಲರ್ ತೊಟ್ಟಿಯ ಬೆಳೆ

"ಒಂದ ಕಡ್ಡಿ ಕತ್ತರಸಾಕ ಕುಡಗೋಲ ಮಸ್ಯಾಕತ್ತೀರಲ್ರೀ, ಮನ್ಯಾಗ ಕತ್ತರಿ ಇಲ್ಲೇನು?" ಅಡುಗೆಮನೆಯಿಂದ ಸಾತವ್ವ ಕೂಗಿದಳು.

ಗಿರಮಲ್ಲಪ್ಪ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ಧೋತರ ಮೇಲೆತ್ತಿಕೊಂಡು, ಕಲ್ಲಿಗೆ ಇನ್ನಷ್ಟು ನೀರು ಚಿಮುಕಿಸಿದ. ಮೊಣಕಾಲು ಕೈಕೊಟ್ಟಿತೆಂದು ತೇರದಾಳದ ಕಡೆಯ ಕಬ್ಬಿನ ಹೊಲವನ್ನು ಹಿರಿಯ ಮಗನಿಗೆ ಒಪ್ಪಿಸಿ, ಮುಧೋಳದಲ್ಲಿ ನೌಕರಿಗಿದ್ದ ಕಿರಿಯ ಮಗ ಸಂಜೂನ ಬಾಡಿಗೆ ಮನೆಗೆ ಬಂದಾಗಿನಿಂದ ಅವನ ಕೈಗೆ ಕೆಲಸವೇ ಇರಲಿಲ್ಲ. ಗ್ಯಾಸ್ ಹಚ್ಚಲು ಹೋದರೆ, ನೀರಿನ ಮೋಟಾರು ಚಾಲೂ ಮಾಡಲು ಹೋದರೆ, ಸೊಸೆ ಪೂನಮ್ ಓಡಿ ಬಂದು, "ಬಿಡ್ರಿ ಮಾವಾರ, ನಾ ಮಾಡ್ತೀನಿ" ಅನ್ನುತ್ತಿದ್ದಳು. ಪಾಪ, ಒಂದು ದಿನವೂ ಸಿಡಿಮಿಡಿ ಮಾಡಿದವಳಲ್ಲ. ಆದರೆ ಎಕರೆಗಟ್ಟಲೆ ಕಬ್ಬು ಬೆಳೆದ ಮನುಷ್ಯ ಟಿವಿಯ ರಿಮೋಟು ಹಿಡಿಯಲೂ ಸೊಸೆಯ ಮುಖ ನೋಡಬೇಕಾಗಿ ಬಂದದ್ದು ಅವನಿಗೆ ಒಳಗೊಳಗೇ ಕುಟುಕುತ್ತಿತ್ತು.

ಅಂಥ ಪೂನಮ್ ಪಂಚಮಿಗೆಂದು ಜಮಖಂಡಿಯ ತವರಿಗೆ ಹೊರಟವಳು ಮೆಟ್ಟಿಲ ಮೇಲೆ ನಿಂತು, "ಮಾವಾರ, ಕೆಳಗಿನ ಮನಿ ಮನೀಷಾ ನಮ್ಮ ಮನಿಪ್ಲಾಂಟ್ ಬಳ್ಳಿ ಬೇಕಂದಾಳ. ಒಂದ ತುಂಡ ಕತ್ತರಿಸಿ ಮಣ್ಣಾಗ ಹಚ್ಚಿಡ್ರಿ. ನಿಮ್ಮ ಕೈಲೆ ಹಚ್ಚಿದ್ರ ನಾಟತೈತಿ" ಅಂದಿದ್ದಳು. ಗಿರಮಲ್ಲಪ್ಪನಿಗೆ ಆ ದಿನವೆಲ್ಲ ಕಾಲು ನೆಲಕ್ಕೆ ಹತ್ತಲಿಲ್ಲ. ಈ ಕೆಲಸ ಹೇಗೆ ಮಾಡಿ ತೋರಿಸಬೇಕೆಂದರೆ, ಸೊಸೆ ಇನ್ನೊಮ್ಮೆ 'ಬಿಡ್ರಿ ಮಾವಾರ' ಅನ್ನಬಾರದು!

ಬಳ್ಳಿ ಟಿವಿಯ ಪಕ್ಕದ ಬಾಟಲಿಯಿಂದ ಹೊರಟು, ಮೊಳೆಯಿಂದ ಮೊಳೆಗೆ ಕೈಚಾಚಿ, ಮದುವೆಯ ಫೋಟೋವನ್ನು ಬಳಸಿ, ಹಾಲ್ ಪೂರ್ತಿ ಸುತ್ತಿ ದೇವರ ಕಪಾಟಿನವರೆಗೆ ಹೋಗಿತ್ತು. ಗಿರಮಲ್ಲಪ್ಪ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದ. ಗೆಣ್ಣಿಗೊಂದು ಮೊಳಕೆಯ ಕಣ್ಣು!

"ಏ ಇವಳ, ಇದ ಕಬ್ಬ ಐತಿ! ಮೈಗಳ್ಳ ಕಬ್ಬು. ನಿಲ್ಲಾಕ ಬರೂದಿಲ್ಲಂತ ಗೋಡಿಗೆ ಜೋತಬಿದ್ದೈತಿ."

ಕಬ್ಬೆಂದು ಗೊತ್ತಾದ ಮೇಲೆ ಮುಗಿಯಿತಲ್ಲ. ಹುಟ್ಟಿದಾಗಿನಿಂದ ಅವನು ಒಂದೇ ಒಂದು ತುಂಡಿಗಾಗಿ ಕಬ್ಬು ಕಡಿದವನಲ್ಲ. ಬೀಜಕ್ಕೆಂದು ಕಡಿದರೆ ಬುಡದಿಂದ ಸುಳಿಯವರೆಗೆ ಕಡಿಯಬೇಕು, ಎರಡೆರಡು ಕಣ್ಣಿಗೊಂದು ತುಂಡು ಮಾಡಬೇಕು. ಒಂದು ತುಂಡು ಹಚ್ಚಿ ಅದು ನಾಟದಿದ್ದರೆ ಸೊಸೆಗೆ ಯಾವ ಮುಖ ತೋರಿಸುವುದು?

ಮಣ್ಣಿಗೆ ಜಾಗ ಬೇಕಾಯಿತು. ಬೇಸಿಗೆ ಮುಗಿದು ಬಾಲ್ಕನಿಯಲ್ಲಿ ಸುಮ್ಮನೆ ಕೂತಿದ್ದ ಕೂಲರ್ ಕಣ್ಣಿಗೆ ಬಿತ್ತು. ಮೇಲಿನ ಭಾಗ ಬಿಚ್ಚಿ ತೆಗೆದರೆ ಕೆಳಗೆ ನೀರಿನ ತೊಟ್ಟಿ, ಒಂದು ಸಣ್ಣ ಮಡಿ ಇದ್ದ ಹಾಗೆಯೇ ಇತ್ತು. ಕರಿಮಣ್ಣು ತುಂಬಿ, ತಿಪ್ಪೆಗೊಬ್ಬರ ಬೆರೆಸಿ, ಬೆರಳಿನಿಂದ ಸಾಲು ಬಿಟ್ಟ. ಬಳ್ಳಿಯನ್ನು ಬುಡದಿಂದಲೇ ಕಡಿದು ತಂದು, ಕಬ್ಬಿನ ಒಣಗಿದ ಗರಿ, ರವದಿ, ಸುಲಿದಂತೆ ಎಲೆಗಳನ್ನೆಲ್ಲ ಸುಲಿದ. ತುಂಡುಗಳನ್ನು ಅಡ್ಡ ಮಲಗಿಸಿ, ಕಣ್ಣುಗಳು ಅಕ್ಕಪಕ್ಕಕ್ಕೆ ಬರುವಂತೆ ತಿರುಗಿಸಿ, ಹಗುರಾಗಿ ಮಣ್ಣೆಳೆದು, ಹಸಿ ಆರದಿರಲೆಂದು ಸುಲಿದ ಎಲೆಗಳನ್ನೇ ಮೇಲೆ ಹರವಿದ. ಬೀರಪ್ಪದೇವರ ಹೆಸರು ಹೇಳಿ ಭಂಡಾರದ ಅರಿಶಿನ ಚೆಲ್ಲಿ ನೀರು ಬಿಟ್ಟ. ನೋಡಿದ ಸಾತವ್ವ ತಲೆಯ ಮೇಲೆ ಕೈ ಹೊತ್ತು ಕೂತಳು.

ಸಂಜೆ ಸಂಜು ಬಂದ. ಬರೀ ಮೊಳೆಗಳು ಉಳಿದ ಗೋಡೆ ನೋಡಿದ, ಬಾಲ್ಕನಿ ನೋಡಿದ, ಅಪ್ಪನ ಬೆಳಗುವ ಮುಖ ನೋಡಿದ. ಕಾಲಲ್ಲಿದ್ದ ಬೂಟನ್ನೂ ಬಿಚ್ಚಲಿಲ್ಲ.

"ಅಪ್ಪಾ, ನಾ ಏನೂ ನೋಡಿಲ್ಲ. ಆಕಿ ಕೇಳಿದ್ರ ನಾ ಆಫೀಸಿನಾಗ ಇದ್ದೆ ಅಂತ ಹೇಳು." ಅಂದವನೇ ಮತ್ತೆ ಕೆಳಗಿಳಿದು ಹೋದ.

ಮರುದಿನ ಪೂನಮ್ ಫೋನ್ ಮಾಡಿದಳು. "ಹಚ್ಚಿದ್ರೇನ್ರಿ ಮಾವಾರ?"

"ಹಚ್ಚೇನ್ವಾ! ಒಂದ ಕಣ್ಣೂ ಬಿಡದಂಗ ಹಚ್ಚೇನಿ."

"ಕಣ್ಣು... ಅಂದ್ರ ಎಷ್ಟ ಹಚ್ಚೀರಿ?" ಅಷ್ಟರಲ್ಲಿ ಸಾತವ್ವ ಫೋನ್ ಕಸಿದುಕೊಂಡು, ಉಂಡಿ ಹೆಂಗಾಗ್ಯಾವ, ಜೋಕಾಲಿ ಕಟ್ಟೀರೇನ ಎಂದು ಬೇರೆ ಮಾತಿಗೆ ಎಳೆದಳು.

ಪಂಚಮಿ ಮುಗಿಸಿ ಬಂದ ಪೂನಮ್ ಬಾಗಿಲಲ್ಲೇ ಬ್ಯಾಗು ಬಿಟ್ಟಳು. ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿ ಬಾಟಲಿಯ ಹತ್ತಿರ ಬಂದಳು. ಅದರಲ್ಲಿ ಗೇಣುದ್ದದ ಮೋಟೊಂದು ಮಾತ್ರ ನಿಂತಿತ್ತು.

"ಮಾವಾರ, ನನ್ನ ಬಳ್ಳಿ?"

"ಕಡದ ಕಬ್ಬಿನ ಬುಡಧಂಗ ಕುಳಿ ಬಿಟ್ಟೇನ್ವಾ, ಅದೂ ಮತ್ತ ಒಡೀತೈತಿ" ಎಂದು ಗಿರಮಲ್ಲಪ್ಪ ಹುರುಪಿನಿಂದಲೇ ಹೇಳಿ, ಅವಳನ್ನು ಬಾಲ್ಕನಿಗೆ ಕರೆದೊಯ್ದ.

ಪೂನಮ್ ಕಂಡದ್ದು ಕೂಲರ್ ತುಂಬ ಕೆಸರು, ಅದರ ಮೇಲೆ ಬಾಡಿ ಸುರುಟಿದ ಅವಳ ಬಳ್ಳಿಯ ಎಲೆಗಳು. ಅವಳಿಗೆ ಅಳು ಒತ್ತಿ ಬಂತು. "ಕಾಲೇಜಿಗೆ ಹೋಗುವಾಗ ಬೆರಳಷ್ಟಿತ್ರಿ ಇದು. ಲಗ್ನ ಆದಮ್ಯಾಲೆ ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡ ಬಂದೇನಿ. ಈ ಮನ್ಯಾಗ ನಂದಂತ ಇದೊಂದ ಇತ್ತು. ಒಂದ ತುಂಡ ಅಂದಿದ್ನೆಲ್ರಿ, ಒಂದ!"

ಗಿರಮಲ್ಲಪ್ಪನಿಗೆ ನಿಂತ ಪೈರಿಗೆ ತಾನೇ ಕುರಿ ಹಿಂಡು ಹೊಡೆದಂತಾಯಿತು. "ತಪ್ಪಾತವ್ವಾ" ಅಂದ. ಪೂನಮ್ ಕಣ್ಣೊರೆಸಿಕೊಂಡು ರೊಟ್ಟಿ ಬಡಿಯಲು ಹೋದಳು. ಅಂದು ರೊಟ್ಟಿಗೆ ಬಿದ್ದ ಏಟು ಕೆಳಗಿನ ಮನೆಗೂ ಕೇಳಿಸಿತು.

ಅಲ್ಲಿಂದ ಮುಂದೆ ಅವಳು ಊಟಕ್ಕೆ ಬಡಿಸುತ್ತಿದ್ದಳು, ಚಹಾ ಕೊಡುತ್ತಿದ್ದಳು, ಮಾತು ಮಾತ್ರ ಇಲ್ಲ. ಅವನು ಯಾವುದಕ್ಕೂ ಕೈ ಹಚ್ಚುತ್ತಿರಲಿಲ್ಲವಾದ್ದರಿಂದ 'ಬಿಡ್ರಿ ಮಾವಾರ' ಅನ್ನುವ ಮಾತೂ ನಿಂತುಹೋಯಿತು. ಈಗ ಅದನ್ನಾದರೂ ಅಂದರೆ ಸಾಕಿತ್ತು ಅನ್ನಿಸುತ್ತಿತ್ತು. ದಿನಾ ನಸುಕಿನಲ್ಲಿ ಮಾತ್ರ ಕಳ್ಳನಂತೆ ಹೋಗಿ ತೊಟ್ಟಿಗೆ ನೀರು ಚಿಮುಕಿಸಿ ಬರುತ್ತಿದ್ದ. ಶ್ರಾವಣವೆಲ್ಲ ಹಾಗೇ ಕಳೆಯಿತು. ಚೌತಿ ಹತ್ತಿರ ಬಂದಾಗ, ಊರಿಗೆ ಹೋಗುತ್ತೇನೆಂದು ಕೈಚೀಲ ತುಂಬಿಕೊಂಡ.

"ಹೋಗ್ರಿ, ನಾ ಬರೂದಿಲ್ಲ" ಅಂದಳು ಸಾತವ್ವ. "ನಾ ಏನ ಕಡದೇನಿ?"

ಹೊರಡುವ ಮುಂಜಾನೆ ಕೊನೆಯ ಸಲ ನೀರು ಬಿಡಲು ಬಾಗಿದವನು ಹಾಗೆಯೇ ನಿಂತ. ಒಣಗಿದ ಎಲೆಗಳನ್ನು ಸರಿಸಿಕೊಂಡು, ಸಾಲು ಸಾಲಾಗಿ, ಸುತ್ತಿಕೊಂಡ ಹಸಿರು ಸುಳಿಗಳು ಮೇಲೆ ಬಂದಿದ್ದವು. ಚಹಾ ತಂದ ಪೂನಮ್ ಕೂಡ ನೋಡಿದಳು. ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತಳು. ಒಂದು ಸುಳಿಯನ್ನು ಬೆರಳ ತುದಿಯಿಂದ ಮುಟ್ಟಿದಳು, ಆಮೇಲೆ ಇನ್ನೊಂದನ್ನು.

"ಇವೆಲ್ಲಾ ನಂದ ಬಳ್ಳೀನ?"

"ನಿಂದ. ಎಲ್ಲಾ ನಿಂದವ."

ಅವಳು ಒಳಗೆ ಓಡಿದಳು. ಖಾಲಿ ಡಬ್ಬಿ, ಕಿವಿ ಮುರಿದ ಕಪ್ಪು, ಸಿಕ್ಕಿದ್ದೆಲ್ಲ ಉಡಿಯಲ್ಲಿ ತುಂಬಿಕೊಂಡು ಬಂದಳು. "ಮನೀಷಾಗೊಂದು, ನಮ್ಮವ್ವಗೊಂದು..."

"ಹಾ ಹಾ, ಈಗ ಕಿತ್ತರ ಸಾಯ್ತಾವ ಯವ್ವಾ! ಬೇರ ಹಿಡೀಲಿ. ಎಲಿ ಬಿಚ್ಚಲಿ. ದಸರಿ ತನಕ ಮುಟ್ಟಬ್ಯಾಡ."

"ಅಲ್ಲೀ ತನಕ ಇವನ್ನ ನೋಡ್ಕೊಳ್ಳಾವರ ಯಾರು?" ಪೂನಮ್ ಸೊಂಟಕ್ಕೆ ಕೈ ಕೊಟ್ಟು ಕೇಳಿದಳು. "ಕಡಿಯೂದ ನೀವು, ಕಾಯೂದ ನಾನಾ? ಛಲೋ ಆತಲ್ಲ!"

ಬೈಗುಳವೇ ಅದು. ಆದರೆ ಗಿರಮಲ್ಲಪ್ಪನಿಗೆ ಅಷ್ಟು ಸವಿಯಾದ ಬೈಗುಳ ಜನ್ಮದಲ್ಲಿ ಯಾರೂ ಬೈದಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಸಂಜು, "ಅಪ್ಪಾ, ತೇರದಾಳ ಬಸ್ಸಿನ ಹೊತ್ತಾತು" ಎಂದು ಕೂಗಿದ.

"ಮಾವಾರಿಗೆ ಕೆಲಸ ಐತಿ" ಎಂದು ಪೂನಮ್ ಇಲ್ಲಿಂದಲೇ ಹೇಳಿ, ಮತ್ತೆ ತೊಟ್ಟಿಯ ಕಡೆ ತಿರುಗಿದಳು. ಮೂಲೆಯ ಸುಳಿಯೊಂದು ವಾಲಿದಂತೆ ಕಂಡಿತೇನೋ, ಸುತ್ತಲಿನ ಮಣ್ಣನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತತೊಡಗಿದಳು. ಅಷ್ಟು ಒತ್ತಬಾರದು, ಬೇರು ಉಸಿರಾಡುವುದಿಲ್ಲ. 'ಬಿಡವ್ವಾ, ನಾ ಮಾಡ್ತೀನಿ' ಎಂಬ ಮಾತು ಗಿರಮಲ್ಲಪ್ಪನ ತುಟಿಯವರೆಗೂ ಬಂದಿತ್ತು. ಅವನು ಚಹಾದ ಬಟ್ಟಲು ಎತ್ತಿಕೊಂಡು, ಆ ಮಾತನ್ನು ಚಹಾದ ಜೊತೆ ನುಂಗಿ ಸುಮ್ಮನೆ ನೋಡುತ್ತ ಕೂತ.