ಇಸ್ತ್ರಿ ಪೆಟ್ಟಿಗೆಯ ಗುರುತು

ನಾನೊಂದು ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ. ಹೊಟ್ಟೆಯೊಳಗೆ ಕೆಂಡ ತುಂಬಿಕೊಂಡೂ ತಳವನ್ನು ನುಣುಪಾಗಿ ಇಟ್ಟುಕೊಳ್ಳಬೇಕಾದ ಹುಟ್ಟು ನನ್ನದು. ನಾಗಮಂಗಲದ ಎರಕದವರೊಬ್ಬರ ಮನೆಯಲ್ಲಿ ನನ್ನನ್ನು ಎರೆದರು. ನನ್ನ ಜೊತೆಗೇ ಹುಟ್ಟಿದ ದೀಪಗಳು ದೇವಸ್ಥಾನಗಳಿಗೆ ಹೋದವು. ನನಗೆ ಮರದ ಹಿಡಿ ಹಾಕಿ, ಮುಚ್ಚಳಕ್ಕೆ ಕೋಳಿಯ ಆಕಾರದ ಚಿಲಕ ಕೂರಿಸಿ ಸಂತೆಗೆ ಕಳುಹಿಸಿದರು. ದೀಪಗಳ ಮೇಲೆ ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಹೊಟ್ಟೆಯಲ್ಲಿದ್ದ ಕಿಚ್ಚೆಲ್ಲ ತೆಂಗಿನ ಚಿಪ್ಪಿನ ಇದ್ದಿಲಿನದು.

ಸಂತೆಯಲ್ಲಿ ನನ್ನನ್ನು ಕೊಂಡವನು ಮಡಿವಾಳರ ಕೆಂಚಪ್ಪ. ತೆಂಗಿನ ಸೀಮೆಯ ಒಂದು ಸಣ್ಣ ಪಟ್ಟಣ ಅವನದು. ಊರ ಕೆರೆ ಏರಿಯ ಕೆಳಗೆ ಒಗೆಯುವ ಬಂಡೆಗಳ ಸಾಲು. ಅದನ್ನು ಕಟ್ಟೆ ಎನ್ನುತ್ತಿದ್ದರು. ಬೀದಿಯ ಮನೆಮನೆಗೂ ಅಲ್ಲೊಂದು ಬಂಡೆ. ಕೆಂಚಪ್ಪ ಬೆಳಿಗ್ಗೆ ಅಲ್ಲಿ ಒಗೆಯುತ್ತಿದ್ದ, ಮಧ್ಯಾಹ್ನ ನನ್ನನ್ನು ಹಿಡಿಯುತ್ತಿದ್ದ, ಸಂಜೆ ಮಡಿಸಿದ ಬಟ್ಟೆ ಹೊತ್ತು ದೊಡ್ಡ ಮನೆಗಳ ಹಿತ್ತಿಲ ಬಾಗಿಲಿಗೆ ಹೋಗುತ್ತಿದ್ದ. ಅಲ್ಲಿ ಅವನ ಮೊಮ್ಮಗನ ವಯಸ್ಸಿನವರೂ "ಏಯ್ ಕೆಂಚ" ಎಂದೇ ಕರೆಯುತ್ತಿದ್ದರಂತೆ. ಅವನು ಅದನ್ನು ಮನೆಯಲ್ಲಿ ನಗುತ್ತಾ ಹೇಳುತ್ತಿದ್ದ. ಮಗ ರಂಗಶಾಮಯ್ಯ ನಗುತ್ತಿರಲಿಲ್ಲ.

ಕೆಂಚಪ್ಪನ ಸೊಂಟ ಬಿದ್ದ ಮೇಲೆ ನಾನು ರಂಗಶಾಮಯ್ಯನ ಕೈಗೆ ಬಂದೆ. ಅಪ್ಪ ಮಾತಿಲ್ಲದೆ ಇಸ್ತ್ರಿ ತೀಡುತ್ತಿದ್ದ. ಮಗ ತೀಡುವಾಗೆಲ್ಲ ಭಾಷಣ ಮಾಡುತ್ತಿದ್ದ. ಗಂಜಿ ಹಾಕಿದ ಬಿಳಿ ಜುಬ್ಬಾಗಳು ಬಂದವೆಂದರೆ ಮುಗಿಯಿತು. ಬಾಯಿತುಂಬ ನೀರು ತೆಗೆದುಕೊಂಡು ಬಟ್ಟೆಯ ಮೇಲೆ ಫುರ್ರೆಂದು ಊದಿ, ಬಾಯಿ ಖಾಲಿಯಾದ ಕೂಡಲೇ "ಮಾನ್ಯ ಅಧ್ಯಕ್ಷರೇ, ನಮ್ಮ ಬೀದಿಯ ಚರಂಡಿ ವಿಷಯ" ಎಂದು ಶುರುಮಾಡುತ್ತಿದ್ದ. ಒಳಗಿನಿಂದ ಹೆಂಡತಿ ಸಿದ್ದಗಂಗಮ್ಮ ಕೂಗುತ್ತಿದ್ದಳು. "ಅಧ್ಯಕ್ಸರು ಆಮೇಲಾಯ್ತು, ಕಾಲರು ಸೀದೋಯ್ತದೆ ನೋಡು!"

ಮಾತಷ್ಟೇ ಅಲ್ಲ, ಕೆಲಸವೂ ಇತ್ತು. ವಿಧವೆಯರನ್ನು ತಾಲೂಕು ಕಚೇರಿಗೆ ಕರೆದುಕೊಂಡು ಹೋಗಿ ಪಿಂಚಣಿ ಮಾಡಿಸುತ್ತಿದ್ದ. ಬೀದಿಯ ನಲ್ಲಿ ನಿಂತರೆ ಪುರಸಭೆಯ ಬಾಗಿಲಲ್ಲಿ ಕೂತು ನೀರು ಬಿಡಿಸುತ್ತಿದ್ದ. ಪ್ರತಿ ಚುನಾವಣೆಯಲ್ಲೂ ನಿಲ್ಲಬೇಕೆಂದು ಏಳುತ್ತಿದ್ದ, ಯಾರೋ ಏನೋ ಅಂದರೆ ಕೂರುತ್ತಿದ್ದ. ಹಾಗೇ ತಲೆ ನರೆಯಿತು.

ಆಗ ಒಂದು ಸುದ್ದಿ ಬಂತು. ಕಟ್ಟೆಯ ಜಾಗದಲ್ಲಿ ಪುರಸಭೆಯವರು ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಹೊಸ ಸಭೆ ಕೂತ ಮೇಲೆ ತೀರ್ಮಾನವಂತೆ. ಬೀದಿಯವರೆಲ್ಲ ನಮ್ಮ ಜಗಲಿಗೆ ಬಂದರು. ಎದುರು ಮನೆಯ ಮುದುಕಿ ತಿಮ್ಮಕ್ಕ ಅಂದಳು: "ಈ ಸಲ ನೀನು ನಿಂತ್ಕೊಳ್ಳಪ್ಪಾ. ಅಲ್ಲಿ ಕೈ ಎತ್ತಾಕೆ ನಮ್ಮೋರು ಒಬ್ರಾದ್ರೂ ಬೇಕು."

ರಂಗಶಾಮಯ್ಯ ಪಕ್ಷೇತರನಾಗಿ ನಿಂತ. ಪಕ್ಷವಿಲ್ಲದವರಿಗೆ ಕೊಡುವ ಗುರುತುಗಳಲ್ಲಿ ಇಸ್ತ್ರಿ ಪೆಟ್ಟಿಗೆಯೂ ಇತ್ತು. ಅದನ್ನೇ ಕೇಳಿ ಪಡೆದ. ಸಿದ್ದಗಂಗಮ್ಮ ಹುಣಸೆಹಣ್ಣು ಹಾಕಿ ನನ್ನನ್ನು ಬೆಳಗಿದಳು. ಜೀವನದಲ್ಲಿ ಮೊದಲ ಸಲ ನಾನು ಕೆಂಡವಿಲ್ಲದೆ ಬೀದಿಗೆ ಹೊರಟೆ. ಮನೆಮನೆಯ ಮುಂದೆ ನನ್ನನ್ನು ಎತ್ತಿ ಹಿಡಿದು ಅವನು ಹೇಳುತ್ತಿದ್ದ: "ನಿಮ್ಮ ಬಟ್ಟೆ ಸುಕ್ಕು ತೆಗ್ದವ್ನು ನಾನು. ಒಂದು ಅವಕಾಶ ಕೊಡ್ರಣ್ಣ, ಕೊಡ್ರಮ್ಮ." ಆ ದಿನಗಳಲ್ಲಿ ದೀಪಗಳ ನೆನಪೇ ನನಗೆ ಬರಲಿಲ್ಲ.

ಪ್ರಚಾರ ಮುಗಿಯಲು ಇನ್ನೆರಡು ದಿನ ಇರುವಾಗ ಎದುರಾಳಿ ವಿರೂಪಾಕ್ಷಪ್ಪನವರು ಮನೆಗೆ ಬಂದರು. ಹಿಂದೆ ಎರಡು ಸಲ ಪುರಸಭೆ ಅಧ್ಯಕ್ಷರಾಗಿದ್ದವರು. ಅವರ ಜುಬ್ಬಾಗಳನ್ನು ನಾನು ಕೆಂಚಪ್ಪನ ಕಾಲದಿಂದ ಬಲ್ಲೆ. ಅವುಗಳೊಳಗೆ ಮನುಷ್ಯನಿದ್ದಾಗ ನೋಡಿದ್ದು ಅಂದೇ. ಇಸ್ತ್ರಿ ಮಾಡುವ ಮೇಜಿನ ಮೇಲೆಯೇ, ನನ್ನ ಪಕ್ಕದಲ್ಲಿ ಕೂತರು. ಸಿದ್ದಗಂಗಮ್ಮ ಕೊಟ್ಟ ಕಾಫಿ ಕುಡಿದರು.

"ರಂಗಶಾಮಯ್ಯನವರೇ, ನೀವು ನಿಂತಿದ್ದು ತಪ್ಪು ಅಂತ ನಾನು ಅನ್ನಲ್ಲ. ಆದ್ರೆ ನಮ್ಮಿಬ್ಬರ ಜಗಳದಲ್ಲಿ ಕಾಂಪ್ಲೆಕ್ಸ್ ಬೇಕು ಅನ್ನೋ ಮೂರನೆಯವ್ನು ಗೆದ್ರೆ ಕಟ್ಟೆ ಹೋಗ್ತದೆ. ನೀವು ನನಗೆ ಬಿಟ್ಟುಕೊಡಿ. ಸರ್ಕಾರದಿಂದ ನಿಮ್ಮನ್ನ ನಾಮನಿರ್ದೇಶಿತ ಸದಸ್ಯರಾಗಿ ಮಾಡಿಸ್ತೀನಿ. ಓಟಿನ ಗೊಡವೆ ಇಲ್ಲ. ಅದೇ ಸಭೆ, ಅದೇ ಕುರ್ಚಿ."

ಅವರು ಏನೆಲ್ಲ ಹೇಳಿದರೋ, ರಂಗಶಾಮಯ್ಯನಿಗೆ ಕೇಳಿಸಿದ್ದು ಮೊದಲ ಮಾತೊಂದೇ ಎಂದು ನನ್ನ ಗುಮಾನಿ. ರಂಗಶಾಮಯ್ಯನವರೇ! ಕೆಂಚನ ಮಗನನ್ನು ಆ ಮನೆತನದವರು ಬಹುವಚನದಲ್ಲಿ ಕರೆದಿದ್ದರು. ಅವನ ಕೈ ನನ್ನ ಹಿಡಿಯ ಮೇಲಿತ್ತು. ಅದು ಬೆವರಿತು.

ಅವರು ಹೋದ ಮೇಲೆ ಸಿದ್ದಗಂಗಮ್ಮ ಕೇಳಿದಳು. "ಬೀದಿಯೋರಿಗೆ ಏನಂತೀಯ?"

"ಕುರ್ಚಿ ಅಂದ್ರೆ ಕುರ್ಚಿನೇ ಅಲ್ವೇನೇ? ಕಟ್ಟೆ ಉಳಿದ್ರೆ ಸಾಕು ತಾನೆ?"

"ನಿನ್ನ ನಿಲ್ಲಿಸ್ದೋರ್ನ ಒಂದು ಮಾತು ಕೇಳ್ಬಾರ್ದಾ?"

ಅವನು ಕೇಳಲಿಲ್ಲ.

ಮಾರನೇ ದಿನ ಬಸ್ ನಿಲ್ದಾಣದ ಬಳಿ ವೇದಿಕೆ. ಅವನಿಗೆ ಶಾಲು, ಹಾರ. ವಿರೂಪಾಕ್ಷಪ್ಪನವರು ನನ್ನನ್ನು ಅವನ ಕೈಯಿಂದ ತೆಗೆದುಕೊಂಡು "ಬಿಸಿ ಇಲ್ಲ ತಾನೇ?" ಅಂದರು. ಜನ ಹೋ ಎಂದು ನಕ್ಕರು. ಆಮೇಲೆ ನನ್ನನ್ನು ಎತ್ತಿ ತೋರಿಸಿ, "ಇನ್ನು ಈ ಪೆಟ್ಟಿಗೆ ನಮ್ಮದು" ಅಂದರು. ಚಪ್ಪಾಳೆ ಬಿತ್ತು. ಮೈಕಿನ ಮುಂದೆ ನಿಂತ ರಂಗಶಾಮಯ್ಯ, ವರ್ಷಗಟ್ಟಲೆ ನನ್ನೆದುರು ಭಾಷಣ ಮಾಡಿದವನು, "ಎಲ್ಲರೂ ಅವರಿಗೇ ಹಾಕಿ" ಎಂದಷ್ಟೇ ಹೇಳಿದ. ಹಿಂದಿನ ಸಾಲಿನಲ್ಲಿ ನಮ್ಮ ಬೀದಿಯವರು ನಿಂತಿದ್ದರು. ಹಾಗೇ ನೋಡುತ್ತಿದ್ದರು.

ಸಭೆ ಮುಗಿದಾಗ ಅವನು ದೊಡ್ಡವರ ಕಾರಿನಲ್ಲಿ ಹೋದ. ನಾನು ವೇದಿಕೆಯ ಕೆಳಗೆ ಚಪ್ಪಲಿಗಳ ನಡುವೆ ಉಳಿದೆ. ಸಿದ್ದಗಂಗಮ್ಮ ಬಂದು ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಗಲ್ಲಿಯಿಂದ ಮನೆಗೆ ತಂದಳು. ಇಷ್ಟು ದಿನ ಎತ್ತಿ ತೋರಿಸಿದ್ದನ್ನು ಈಗ ಬಚ್ಚಿಡಬೇಕಾಯಿತು.

ಆದರೆ ನಾಮಪತ್ರ ವಾಪಸ್ ಪಡೆಯುವ ದಿನ ಯಾವಾಗಲೋ ಕಳೆದಿತ್ತು. ವೇದಿಕೆಯಲ್ಲಿ ಏನೇ ಹೇಳಿದರೂ ಮತಯಂತ್ರದಲ್ಲಿ ಅವನ ಹೆಸರೂ ನನ್ನ ಚಿತ್ರವೂ ಹಾಗೇ ಇದ್ದವು. ಎಣಿಕೆಯ ದಿನ ವಿರೂಪಾಕ್ಷಪ್ಪನವರು ಗೆದ್ದರು. ಎರಡನೆಯವನಾಗಿ ಬಂದವನು ರಂಗಶಾಮಯ್ಯ! ನಡುವಿನ ಅಂತರ, ಮದುವೆಮನೆಯಲ್ಲಿ ಒಂದು ಪಂಕ್ತಿಗೆ ಕೂರುವಷ್ಟು ಜನ. ನಮ್ಮ ಬೀದಿ ಹೆಚ್ಚುಕಡಿಮೆ ಪೂರ್ತಿ ನನ್ನ ಚಿತ್ರವನ್ನೇ ಒತ್ತಿತ್ತು.

ತಿಮ್ಮಕ್ಕ ಸೀರೆ ಕೊಡಲು ಬಂದಾಗ ಸಹಜವಾಗಿ ಅಂದಳು: "ನೀನು ಬುಟ್ರೂ ಹೆಸ್ರು ಮಿಶನ್ನಾಗೇ ಇತ್ತಲ್ಲಪ್ಪಾ. ನನ್ನ ಪಿಂಚಣಿ ಮಾಡ್ಸಿದೋನು ನೀನು. ಇನ್ಯಾರ್‍ಗೆ ಒತ್ಲಿ?" ಅವಳು ಚುಚ್ಚಲು ಹೇಳಿರಲಿಲ್ಲ. ಚುಚ್ಚಿದ್ದರೆ ಅವನು ತಿರುಗಿ ಏನಾದರೂ ಅನ್ನಬಹುದಿತ್ತು. ತಲೆ ತಗ್ಗಿಸಿ ಆ ಸೀರೆಯನ್ನು ತೀಡಿದ, ತೀಡಿದ, ಸುಕ್ಕು ಹೋದ ಮೇಲೂ ತೀಡಿದ.

ವಿರೂಪಾಕ್ಷಪ್ಪನವರು ಮಾತು ತಪ್ಪಲಿಲ್ಲ. ನಾಮನಿರ್ದೇಶನದ ಆದೇಶ ಬಂತು. ಮೊದಲ ಸಭೆಗೆ ನಾನೇ ತೀಡಿಕೊಟ್ಟ ಬಿಳಿ ಜುಬ್ಬಾ ಹಾಕಿಕೊಂಡು ಹೋದ. ಮಧ್ಯಾಹ್ನ ವಾಪಸ್ ಬಂದವನು ಜುಬ್ಬಾ ಬಿಚ್ಚದೆ ನನ್ನ ಪಕ್ಕ ಕೂತ.

"ಕಟ್ಟೆ ವಿಷಯ ಬಂತು" ಅಂದ. "ಮಾತಾಡಕ್ಕೆ ಬುಟ್ರು. ಚೆನ್ನಾಗೇ ಮಾತಾಡ್ದೆ. ಆಮೇಲೆ ಕಾಂಪ್ಲೆಕ್ಸು ಬ್ಯಾಡ ಅನ್ನೋರು ಕೈ ಎತ್ತಿ ಅಂದ್ರು. ಎತ್ತಿದೆ."

"ಸರಿ, ಆಮೇಲೆ?" ಒಳಗಿನಿಂದ ಸಿದ್ದಗಂಗಮ್ಮ ಕೇಳಿದಳು.

"ಅಲ್ಲಿ ಕೂತಿದ್ದ ಗುಮಾಸ್ತರು, ನಾಮನಿರ್ದೇಶಿತರಿಗೆ ಓಟಿಲ್ಲ, ಕೈ ಇಳಿಸಿ ಅಂದ್ರು."

ಅವಳು ಒಲೆಯ ಮುಂದಿಂದ ಎದ್ದು ಬಂದಳು. "ಮುಂಚೆ ಗೊತ್ತಿರ್ಲಿಲ್ವಾ ನಿಂಗೆ?"

"ಇಲ್ಲ ಕಣೇ."

"ವಿರೂಪಾಕ್ಸಪ್ಪೋರು ಎತ್ತಿದ್ರಾ?"

"ಅವರು ಫೋನ್ ಬಂತು ಅಂತ ಆಚೆ ಹೋಗಿದ್ರು."

ನಿಯಮ ಬಲ್ಲವರು ಹೇಳಿರಲಿಲ್ಲ. ಇವನು ಯಾರನ್ನೂ ಕೇಳಿರಲಿಲ್ಲ. ಬೇಕೆಂದವರ ಕೈಗಳು ಒಂದೆರಡು ಹೆಚ್ಚಿದ್ದವಂತೆ, ಅಷ್ಟೆ. ಅವನು ಗೆದ್ದು ಹೋಗಿದ್ದರೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಲಿಲ್ಲ. ಆಡದೆಯೂ ಅದು ಅಲ್ಲೇ ಇತ್ತು.

ಬಂಡೆಗಳ ಮೇಲೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಅಂಗಡಿಗಳು ಎದ್ದವು. ಒಗೆಯುವವರು ದಿಕ್ಕಿಗೊಬ್ಬರಾದರು. ಸಿದ್ದಗಂಗಮ್ಮ ಕರೆಂಟಿನ ಪೆಟ್ಟಿಗೆ ತಂದಳು, ನಾನು ಅಟ್ಟ ಸೇರಿದೆ. ರಂಗಶಾಮಯ್ಯ ಬೀದಿಯ ಮುಂಬಾಗಿಲು ಬಿಟ್ಟು ಹಿತ್ತಿಲಿನಿಂದ ಓಡಾಡುವುದನ್ನು ರೂಢಿ ಮಾಡಿಕೊಂಡ.

ಈಗ ಮತ್ತೆ ಚುನಾವಣೆ ಬಂದಿದೆ. ವಾರ್ಡು ಮಹಿಳೆಗೆ ಮೀಸಲು. ಬೀದಿಯವರು ಮತ್ತೆ ಜಗಲಿಗೆ ಬಂದರು. ಈ ಸಲ ಸಿದ್ದಗಂಗಮ್ಮನನ್ನು ಕೇಳಿದರು. ಅವಳು ಒಂದು ದಿನ ಪೂರ್ತಿ ಯೋಚಿಸಿ, ತಿಮ್ಮಕ್ಕನ ಮನೆಗೆ ತಾನೇ ಹೋಗಿ ಒಪ್ಪಿ ಬಂದಳು.

ಗುರುತು ಹಂಚಿದ ದಿನ ಅವಳು ಮನೆಗೆ ಬಂದಾಗ ಅವನು ಮೆಲ್ಲಗೆ ಕೇಳಿದ. "ನಮ್ಮ ಪೆಟ್ಟಿಗೆ ಸಿಗ್ಲಿಲ್ವಾ?"

"ಸಿಗ್ತಿತ್ತು. ನಾನೇ ಬ್ಯಾಡ ಅಂದೆ. ಬಕೀಟು ತಗಂಡಿವ್ನಿ."

ಅಟ್ಟದ ಮೇಲಿದ್ದ ನನಗೂ ಅದು ಸರಿಯೆನಿಸಿತು. ನನ್ನನ್ನು ಬೀದಿಯಲ್ಲಿ ಮತ್ತೆ ಎತ್ತಿ ಹಿಡಿದರೆ ಜನರಿಗೆ ಇಸ್ತ್ರಿ ನೆನಪಾಗುವುದಿಲ್ಲ, ಆ ವೇದಿಕೆ ನೆನಪಾಗುತ್ತದೆ. ಮಸಿಯಾದರೆ ಉಜ್ಜಬಹುದು. ಇದು ಮಸಿಯಲ್ಲ.

ಇಂದು ಬೆಳಿಗ್ಗೆ ರಂಗಶಾಮಯ್ಯ ಬಚ್ಚಲಿನ ತಗಡಿನ ಬಕೀಟನ್ನು ಹಿತ್ತಿಲಿಗೆ ಒಯ್ದು, ಬೂದಿ ಹಾಕಿ ಬಹಳ ಹೊತ್ತು ಉಜ್ಜಿದ. ಮುಂಬಾಗಿಲ ಹೊಸ್ತಿಲ ಹತ್ತಿರ ತಂದಿಟ್ಟ. ಹೊರಗೆ ಹೆಂಗಸರು ಕಾಯುತ್ತಿದ್ದರು. ಸಿದ್ದಗಂಗಮ್ಮ ಬಕೀಟು ಎತ್ತಿಕೊಂಡು, "ಬತ್ತೀಯಾ?" ಎಂದು ಕೇಳಿದಳು.

ಅವನು ಬೂದಿಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನೀನು ಹೋಗು. ನಾನು ಬಂದ್ರೆ ನಿಂಗೆ ಬೀಳೋ ಓಟೂ ಬೀಳಲ್ಲ" ಅಂದ.

ಅವಳು ಹೋದಳು.