ಮಣ್ಣು ಬೆರೆಸಿದ ಹಾಳೆ

ಎರಡು ಡಬ್ಬಿಗಳಲ್ಲಿ ಎರಡು ಬಿಳಿ ಹಾಳೆಗಳಿದ್ದವು. ಒಂದರ ಎಳೆಗೆ ಜೇಡಿಮಣ್ಣು ಬೆರೆಸಿದ್ದೆ, ಇನ್ನೊಂದಕ್ಕೆ ಇಲ್ಲ. ಡಬ್ಬಿಗೆ ಧೂಳು ಹಿಡಿದಿದೆಯೆಂದು ಸ್ಪಿರಿಟ್ ಹಾಕಿ ಒರೆಸಿದ ಮಹಾಜಾಣೆ ನಾನೇ. ಧೂಳಿನ ಜೊತೆಗೆ ಮಾರ್ಕರಿನ ಬರಹವೂ ಹೋಯಿತು.

ನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ನನ್ನದು ಇದೇ ಕೆಲಸ. ಕರಗಿಸಿದ ಪಾಲಿಮರಿಗೆ ನುಣ್ಣನೆಯ ಮಣ್ಣು ಕಲಸಿ, ಸಿರಿಂಜಿಗೆ ತುಂಬಿ, ಸೂಜಿಗೆ ಸಾವಿರಾರು ವೋಲ್ಟ್ ಕರೆಂಟು ಕೊಡಬೇಕು. ತುದಿಯ ಹನಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಚಿಮ್ಮಿ, ಎದುರಿನ ತಗಡಿನ ಮೇಲೆ ಹಾಳೆಯಾಗಿ ಕೂರುತ್ತದೆ. ಮಣ್ಣು ಬೆರೆತರೆ ಎಳೆ ಗಟ್ಟಿಯಾಗುತ್ತದೆ ಎನ್ನುವುದು ನನ್ನ ಪ್ರಬಂಧದ ವಾದ.

ಯಂತ್ರಕ್ಕೆ ಹಾಕಿ ಜಗ್ಗಿದಾಗ ಒಂದು ಹಾಳೆ ಒಣ ಎಲೆಯ ಹಾಗೆ ಹರಿಯಿತು, ಅದನ್ನು ಕಸದ ಬುಟ್ಟಿಗೆ ಹಾಕಿದೆ. ಇನ್ನೊಂದು ಜಪ್ಪಯ್ಯ ಎಂದರೂ ಹರಿಯಲಿಲ್ಲ. ಅಷ್ಟು ಗಟ್ಟಿ ಹಾಳೆ ಆಮೇಲೆ ಮತ್ತೆ ಬರಲೇ ಇಲ್ಲ. ಪರೀಕ್ಷೆಗೆಂದು ಕತ್ತರಿಸುತ್ತ ಹೋಗಿ ಉಳಿದದ್ದು ಅಂಗೈಯಗಲದ ಒಂದು ತುಂಡು.

“ಗಟ್ಟಿ ಇದೆ ಅಂದ್ಮೇಲೆ ಮಣ್ಣಿಂದೇ. ಶುಕ್ರವಾರ ಪರೀಕ್ಷಕರು ಬಂದಾಗ ಅವರ ಕೈಗೇ ಕೊಟ್ಟು ಎಳೀರಿ ಅನ್ನು,” ಎಂದರು ಗೈಡ್. ಊರೆಲ್ಲ ಹೇಳಿಕೊಂಡು ಬಂದಿದ್ದರು ಪಾಪ. ಆದರೆ ಅದು ಮಣ್ಣಿನ ಹಾಳೆಯೇ ಎಂದು ಹೇಳಲು ಡಬ್ಬಿಯ ಮೇಲೆ ಬರಹವೇ ಇರಲಿಲ್ಲ. ಎಳೆಯ ಒಳಗೇನಿದೆ ಎಂದು ತೋರಿಸುವ ಯಂತ್ರ ಕೆಟ್ಟು ಮೂರು ತಿಂಗಳಾಗಿತ್ತು.

ಅಮ್ಮ ಹೊಲಿಗೆಯವಳು. ಗಿರಾಕಿ ತಂದ ಬಟ್ಟೆ ಹತ್ತಿಯೋ ಪಾಲಿಸ್ಟರೋ ಎಂದು ಅನುಮಾನ ಬಂದರೆ ಅಂಚಿನ ಒಂದು ನೂಲು ಕಿತ್ತು ಬೆಂಕಿಕಡ್ಡಿ ಹಚ್ಚುತ್ತಾಳೆ.

“ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯೇ? ಒಂದೆಳೆ ಸುಟ್ಟು ನೋಡು.”

“ಎಳೆ ಕಣ್ಣಿಗೇ ಕಾಣಲ್ಲಮ್ಮ. ಹಾಕಿರೋ ಮಣ್ಣು ನೂರಕ್ಕೆ ಮೂರು ಪಾಲು. ಬೂದಿ ತೂಕಕ್ಕೆ ಸಿಗ್ಬೇಕು ಅಂದ್ರೆ ಪೂರ್ತಿ ತುಂಡೇ ಸುಡ್ಬೇಕು.”

“ಹಾಗಾದ್ರೆ ಸುಡ್ಬೇಡ.”

“ಸುಡ್ದಿದ್ರೆ ಗೊತ್ತಾಗೋದು ಹೇಗೆ?”

“ನಿನ್ನ ವಿದ್ಯೆ ನಂಗೆ ಅರ್ಥ ಆಗಲ್ಲ ತಾಯಿ,” ಎಂದು ಅಮ್ಮ ಹೊಲಿಗೆ ಯಂತ್ರ ತುಳಿಯತೊಡಗಿದಳು.

ಸುಟ್ಟರೆ ತೋರಿಸಲು ಏನೂ ಇಲ್ಲ, ಸುಡದಿದ್ದರೆ ಹೇಳಲು ಬಾಯಿಲ್ಲ. ಎರಡು ದಿನ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗೆ ಓಡಾಡಿದೆ. ಬುಧವಾರ ಬೆಳಗ್ಗೆ, ಧೈರ್ಯಕ್ಕಿಂತ ಹೆಚ್ಚಾಗಿ ಬೇಸರದಿಂದ, ತುಂಡನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಕುಲುಮೆಗಿಟ್ಟೆ. ಪಾಲಿಮರೆಲ್ಲ ಉರಿದುಹೋಗುತ್ತದೆ, ಮಣ್ಣಾದರೆ ಉಳಿಯುತ್ತದೆ.

ಬಟ್ಟಲು ಆರಿದ ಮೇಲೆ ಮೂರು ಸಲ ತೂಗಿದೆ. ಮೂರು ಸಲವೂ ಖಾಲಿ ಬಟ್ಟಲಿನ ತೂಕವೇ ಬಂತು. ಹಾಗಾದರೆ ಮಣ್ಣು ಇದ್ದದ್ದು ಹರಿದು ಕಸದ ಬುಟ್ಟಿ ಸೇರಿದ ಹಾಳೆಯಲ್ಲಿ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಟ್ಟಲು ಹಿಡಿದು ಗೈಡ್ ಕೋಣೆಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

“ಇನ್ನೊಂದು ತುಂಡು?”

“ಇಲ್ಲ ಸರ್. ಇದ್ದಿದ್ದು ಅದೊಂದೇ.”

“ಮತ್ತೆ, ಮಣ್ಣಿಲ್ದೆ ಅಷ್ಟು ಗಟ್ಟಿ ಹೇಗೆ ಬಂತು?”

“ಗೊತ್ತಿಲ್ಲ ಸರ್.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಬಟ್ಟಲಿನ ತಳವನ್ನು ಬೆರಳಿನಿಂದ ಸವರಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, ಅದೇ ಬೆರಳನ್ನು ನನ್ನ ಮುಂದೆ ಚಾಚಿದರು.

“ನಂಗೆ ವಯಸ್ಸಾಯ್ತು. ನೀನೇ ನೋಡು, ಒಂಚೂರಾದ್ರೂ ಕಾಣುತ್ತಾ?”

ನೋಡಿದೆ.

“ಇಲ್ಲ ಸರ್,” ಎಂದೆ.