ಸಮ ಆಗದ ಆಟ

ರೊಟ್ಟಿ ಅರ್ಧ ತಟ್ಟಿ ಆಗಿತ್ತು. ಅಂಚು ಬಿರಿಯದಂತೆ ತಿರುಗಿಸುತ್ತಿದ್ದ ಚೆನ್ನಬಸಮ್ಮನ ಕೈ ಒಮ್ಮೆಲೇ ನಿಂತಿತು. ನಿನ್ನೆಯ ಆಟದಲ್ಲಿ ಕುದುರೆಯನ್ನು ಹಿಂದಕ್ಕೆ ತರಬಾರದಿತ್ತು.

"ಹಂಚು ಕಾದೈತಿ ಅಕ್ಕಾ," ಒಲೆಯ ಆಚೆಯಿಂದ ಸಂಗಮ್ಮ ಅಂದಳು. "ಕುದುರಿ ಅಲ್ಲೇ ಮೇಯ್ಲಿ. ನೀ ರೊಟ್ಟಿ ಹಾಕು."

"ಕುದುರಿ ಅಂತ ನಿಂಗ್ಯಾರು ಹೇಳಿದ್ರು?"

"ನಿನ್ನೆ ಬಸ್ಸಿನ್ಯಾಗ ಬರೀ ಅದ್ನ ಹೇಳಿದ್ಯಲ್ಲ. ಪಕ್ಕದ ಸೀಟಿನಾಕಿ ನಿಮ್ಮನ್ಯಾಗ ಕುದುರಿ ಸಾಕೀರೇನ್ರಿ ಅಂತ ನನ್ನ ಕೇಳಿದ್ಲು."

ಚೆನ್ನಬಸಮ್ಮ ನಕ್ಕು ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದಳು. ಸಂಗಮ್ಮ ಅವಳ ಮೈದುನನ ಹೆಂಡತಿ. ಕಂಪ್ಲಿಯ ಆ ಅಕ್ಕಿ ಗಿರಣಿಯವರ ಮನೆಗೆ ಇಬ್ಬರೇ ಸೊಸೆಯಂದಿರು.

ಹೊಸಪೇಟೆಯಲ್ಲಿ ಜಿಲ್ಲಾ ಮಹಿಳಾ ಚದುರಂಗದ ಕೊನೆಯ ಹಣಾಹಣಿ ನಡೆಯುತ್ತಿತ್ತು. ಒಂದು ಕಡೆ ಚೆನ್ನಬಸಮ್ಮ, ಇನ್ನೊಂದು ಕಡೆ ಯಶವಂತನಗರದ ಗಂಗೋತ್ರಿ ಎಂಬ ಕಾಲೇಜು ಹುಡುಗಿ. ನಾಲ್ಕು ಆಟಗಳಲ್ಲಿ ಮೂರು ಮುಗಿದಿದ್ದವು, ಮೂರೂ ಸಮ. ಇವತ್ತು ನಾಲ್ಕನೆಯದು. ಗೆದ್ದವಳು ಜಿಲ್ಲೆಯ ಪರವಾಗಿ ಮೈಸೂರಿನ ರಾಜ್ಯ ಪಂದ್ಯಕ್ಕೆ ಹೋಗಬೇಕು. ಒಬ್ಬಳೇ. ಚೆನ್ನಬಸಮ್ಮನಿಗೆ ಹೋಗುವ ಆಸೆಯಿತ್ತು. ಎಷ್ಟಿತ್ತೆಂದರೆ, ಅದನ್ನು ಸಂಗಮ್ಮನ ಎದುರೂ ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತಿತ್ತು.

ಆ ಮನೆಗೆ ಚದುರಂಗ ತಂದವರು ಮಾವ. ಅವರು ತೀರಿಕೊಂಡ ಮೇಲೆ ಮಣೆ ಸೊಸೆಯಂದಿರ ಪಾಲಿಗೆ ಬಂತು. ಊಟವಾಗಿ ಗಂಡಸರು ಗಿರಣಿಗೆ ಹೋದ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಕೂರುತ್ತಿದ್ದರು. ಹೊಸದರಲ್ಲಿ ಒಮ್ಮೆ ಸೋತ ಸಂಗಮ್ಮ ಮುಖ ಊದಿಸಿಕೊಂಡು ಬೇಳೆಗೆ ಎರಡು ಸಲ ಉಪ್ಪು ಹಾಕಿದ್ದಳು. ಅಂದೇ ಅತ್ತೆ ಒಂದು ಕಾಯಿದೆ ಮಾಡಿದರು: ಸೊಸೆಯಂದಿರ ಆಟ ಸಮವಾಗಿಯೇ ಮುಗಿಯಬೇಕು. ಚಹಾದ ಹೊತ್ತಿಗೆ ಬಂದು ನಿಂತು, "ಸಮ, ಸಮ. ಏಳ್ರಿ ಇನ್ನ," ಅನ್ನುತ್ತಿದ್ದರು. ಯಾರದಾದರೂ ಒಂದು ಕಾಯಿ ಹೆಚ್ಚಿದ್ದರೆ ಅದನ್ನು ತಾವೇ ಎತ್ತಿ ಡಬ್ಬಿಗೆ ಹಾಕಿಬಿಡುತ್ತಿದ್ದರು. ಹೀಗಾಗಿ ಎಂಥ ಆಟವನ್ನಾದರೂ ಚಹಾದೊಳಗೆ ಸರಿಸಮಕ್ಕೆ ತಂದು ನಿಲ್ಲಿಸುವುದು ಇಬ್ಬರಿಗೂ ರೂಢಿಯಾಯಿತು. ಮಣೆಯ ಮೇಲಷ್ಟೇ ಅಲ್ಲ. ಮನೆಯಲ್ಲಿ ಅಣ್ಣತಮ್ಮಂದಿರ ಮಾತು ಬಿರುಸಾದರೂ ಸಮ ಮಾಡುವವಳು ಚೆನ್ನಬಸಮ್ಮನೇ.

ಗಣಿಯ ದುಡ್ಡು ಹರಿಯುತ್ತಿದ್ದ ಕಾಲ. ಹೊಸಪೇಟೆಯಲ್ಲಿ ಕ್ರಿಕೆಟ್ಟು, ಕಬಡ್ಡಿ, ಯಾವುದಕ್ಕೆ ಕೇಳಿದರೂ ಪ್ರಾಯೋಜಕರು ಸಿಗುತ್ತಿದ್ದರು, ಚದುರಂಗಕ್ಕೂ ಸಿಕ್ಕರು. ಸಂಗಮ್ಮ ಕೇಳದೇ ಅಕ್ಕನ ಹೆಸರು ಬರೆಸಿಬಂದಿದ್ದಳು. ಮೊದಲ ಸುತ್ತುಗಳಲ್ಲಿ ಚೆನ್ನಬಸಮ್ಮ ಯಾರನ್ನೂ ಹೊಡೆದು ಗೆದ್ದಿರಲಿಲ್ಲ. ಇವಳ ಗೋಡೆಗೆ ತಲೆ ಕುಟ್ಟಿ ಕುಟ್ಟಿ ಎದುರಿನವರೇ ತಪ್ಪು ಮಾಡಿ ಸೋತಿದ್ದರು.

"ಹೋಗಿ ಬಾರವ್ವ," ಇವತ್ತು ರೊಟ್ಟಿ ಮುಗಿಸಿ ಹೊರಡುವಾಗ ಅತ್ತೆ ಅಂದರು. "ಸಮ ಆದ್ರ ಆಗ್ಲಿ. ಯಾರ್ನೂ ನೋಯಿಸಬ್ಯಾಡ."

ಹೊಸಪೇಟೆಯ ಹೊರಗೆ ಅದಿರಿನ ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ನಿಂತು ನಿಂತು ಸಾಗಿತು. ಪಂದ್ಯ ನಡೆಯುತ್ತಿದ್ದ ಕಲ್ಯಾಣಮಂಟಪ ತಲುಪುವ ಹೊತ್ತಿಗೆ ಇಬ್ಬರ ಸೆರಗಿಗೂ ಕೆಂಪು ಧೂಳು ಅಂಟಿತ್ತು.

ನಾಲ್ಕನೆಯ ಆಟ ಚೆನ್ನಬಸಮ್ಮ ಹಿಂದೆಂದೂ ಆಡದಷ್ಟು ಚೆಂದ ಬಂತು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಎರಡು ಸಿಪಾಯಿ ಹೆಚ್ಚು. ತಾಳಿದ್ದರೆ ಸಾಕು, ಗೆಲುವು ತಾನಾಗಿ ಬರುತ್ತಿತ್ತು. ತಲೆ ಎತ್ತಿ ನೋಡಿದಳು. ಹುಡುಗಿಯ ಕಣ್ಣು ತುಂಬಿ ಒಂದು ಹನಿ ಕೆನ್ನೆಗಿಳಿಯುತ್ತಿತ್ತು.

"ಸಮ ಮಾಡೋಣೇನವ್ವ?"

ಮಾತು ತನ್ನದೇ ಬಾಯಿಂದ ಬಂತೆಂದು ಗೊತ್ತಾಗುವುದರೊಳಗೆ ಗಂಗೋತ್ರಿ ಕೈ ಚಾಚಿ ಅವಳ ಕೈ ಕುಲುಕಿಬಿಟ್ಟಿದ್ದಳು.

ಹೊರಗೆ ನೀರಿನ ಡ್ರಮ್ಮಿನ ಹತ್ತಿರ ಹುಡುಗಿಯೇ ಮಾತಿಗೆ ಬಂದಳು. "ಆಂಟಿ, ಅದು ನೀವು ಗೆಲ್ಲೋ ಆಟ ಇತ್ರಿ. ಯಾಕ ಬಿಟ್ರಿ?"

"ನೀ ಅಳಾಕತ್ತಿದ್ಯಲ್ಲವ್ವ."

"ನಾನಾ?" ಗಂಗೋತ್ರಿ ಬಿದ್ದು ಬಿದ್ದು ನಕ್ಕಳು. "ಅದು ಧೂಳಿಗ್ರಿ! ನಮ್ಮ ಮನಿ ಮುಂದ ಹಗಲೂ ರಾತ್ರಿ ಲಾರಿ. ನಮ್ಮೂರಾಗ ಎಲ್ಲಾರ ಕಣ್ಣೂ ಹಿಂಗ ಸೋರ್ತಾವ. ನಾ ಸೋತ್ರ ಅಳಂಗಿಲ್ರಿ, ಸಿಟ್ಟಾಗ್ತೀನಿ."

ಸಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚೆನ್ನಬಸಮ್ಮನಿಗೆ ಮಾತ್ರ ನಗು ಬರಲಿಲ್ಲ. ಕೈಯಲ್ಲಿದ್ದ ಮೈಸೂರನ್ನು ಯಾರೂ ಕೇಳದೇ ಕೊಟ್ಟುಬಿಟ್ಟಿದ್ದಳು. ಇಂಥದ್ದನ್ನು ಇನ್ನೂ ಎಷ್ಟು ಕಡೆ, ಯಾರ್ಯಾರ ಕಣ್ಣು ನೋಡಿ ಕೊಟ್ಟಿದ್ದೆನೋ ಎಂದುಕೊಂಡಳು. ತನಗೆ ಬಂದದ್ದು ಸಿಟ್ಟು ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಪಂದ್ಯ ನಡೆಸುತ್ತಿದ್ದ ಹನುಮಣ್ಣ ಬೆವರು ಒರೆಸಿಕೊಳ್ಳುತ್ತ ಬಂದರು. ನಿಯಮದ ಪ್ರಕಾರ ಈಗ ಎರಡು ತ್ವರಿತ ಆಟ. ಪ್ರತಿ ಆಟಕ್ಕೆ ಒಬ್ಬೊಬ್ಬರಿಗೆ ಕಾಲು ಗಂಟೆ. ಅವೂ ಸಮವಾದರೆ ಚೀಟಿ ಎತ್ತುವುದು.

"ಅಮ್ಮಾರ, ಗೆಸ್ಟ್‌ಗಳು ಬರೋ ಹೊತ್ತಾತ್ರಿ. ಇಬ್ರೂ ಗೆದ್ದಂಗ ಅಂತ ಮಾಡಿ ಮುಗಿಸಿಬಿಡೋಣು. ಮೈಸೂರಿಗೆ ಹುಡುಗಿ ಹೋಗ್ಲಿ, ಸಣ್ಣಾಕಿ. ನಿಮಗೂ ಮನಿ ಬಿಟ್ಟು ಅಷ್ಟು ದೂರ ಎಲ್ಲಿ ಆಗ್ತೈತಿ?"

ಸುತ್ತ ನಿಂತವರು ಅವಳು ತಲೆಯಾಡಿಸುವುದನ್ನೇ ಕಾಯುತ್ತಿದ್ದರು.

"ಆಡ್ತೀವ್ರಿ," ಅಂದಳು ಚೆನ್ನಬಸಮ್ಮ.

"ಏನ್ರಿ?"

"ಆಡ್ತೀವಿ ಅಂದೆ. ಅಲ್ಲೀತನ ನಿಮ್ಮ ಗೆಸ್ಟ್‌ಗಳಿಗೆ ಚಾ ಕೊಡ್ರಿ."

ಗಂಗೋತ್ರಿ ಹುಬ್ಬೇರಿಸಿದಳು. "ಮಸ್ತ್ ಆಂಟಿ!"

ಮೊದಲ ತ್ವರಿತ ಆಟ ಸಮವೇ ಆಯಿತು. ಗಡಿಯಾರ ಓಡುವಾಗ ಯೋಚನೆಗೆ ಎಡೆಯಿರಲಿಲ್ಲ. ಕೈ ತನಗೆ ಗೊತ್ತಿದ್ದ ದಾರಿ ಹಿಡಿದು ಕಾಯಿಗೆ ಕಾಯಿ ಕೊಟ್ಟು ಮಣೆಯನ್ನು ಖಾಲಿ ಮಾಡಿತು. ನಡುವಿನ ಬಿಡುವಿನಲ್ಲಿ ಸಂಗಮ್ಮ ಹತ್ತಿರ ಬಂದು, ನೀರಿನ ಬಾಟಲಿ ಕೊಟ್ಟು, ಕಿವಿಯಲ್ಲಿ ಒಂದೇ ಮಾತು ಹೇಳಿದಳು.

"ಅಕ್ಕಾ, ಇಲ್ಲಿ ಅತ್ತಿ ಇಲ್ಲ."

ಎರಡನೆಯ ಆಟದಲ್ಲಿ ಹುಡುಗಿ ಬಿರುಸಾಗಿ ನುಗ್ಗಿದಳು. ಚೆನ್ನಬಸಮ್ಮ ತಡೆದಳು, ಒಂದು ಸಿಪಾಯಿ ಕಸಿದಳು. ಕೊನೆಗೆ ಇಬ್ಬರ ಬಳಿಯೂ ಒಂದೊಂದು ಆನೆ ಉಳಿಯಿತು. ಚೆನ್ನಬಸಮ್ಮನ ಸಿಪಾಯಿಯೊಂದು ಮಣೆಯ ಅರ್ಧ ದಾಟಿತ್ತು. ಗಂಗೋತ್ರಿ ತನ್ನ ಆನೆಯನ್ನು ಅವಳ ಆನೆಯ ಎದುರಿಗೇ ತಂದಿಟ್ಟಳು. ಆನೆಗೆ ಆನೆ ಹೊಡೆದರೆ ಹುಡುಗಿಯ ರಾಜ ಬಂದು ಸಿಪಾಯಿಯನ್ನು ತಡೆಯುತ್ತಾನೆ, ಆಟ ಸಮ. ಚೆನ್ನಬಸಮ್ಮನ ಬೆರಳು ಆನೆಯ ಮೇಲೆ ಬಾಗಿತು. ಇನ್ನೂ ಮುಟ್ಟಿರಲಿಲ್ಲ, ಮುಟ್ಟಿದರೆ ಅದನ್ನೇ ನಡೆಸಬೇಕು.

ಇಷ್ಟು ವರ್ಷ ಇಂಥ ಗಳಿಗೆಯಲ್ಲಿ ಅವಳಿಗೆ ಒಂದು ನಿರಾಳ ಸಿಗುತ್ತಿತ್ತು, ಸದ್ಯ ಯಾರಿಗೂ ನೋವಾಗಲಿಲ್ಲ ಎಂಬ ನಿರಾಳ. ಈಗ ಹುಡುಕಿದರೂ ಅದು ಸಿಗಲಿಲ್ಲ. ಅದರ ಜಾಗದಲ್ಲಿ ಹಸಿವಿನಂಥದ್ದೇನೋ ಇತ್ತು. ಆನೆಯನ್ನು ಪಕ್ಕಕ್ಕೆ ಸರಿಸಿ, ಹುಡುಗಿಯ ರಾಜ ಸಿಪಾಯಿಯ ಕಡೆ ದಾಟಲಾರದಂಥ ಸಾಲಿನಲ್ಲಿ ನಿಲ್ಲಿಸಿ, ಗಡಿಯಾರದ ಗುಂಡಿಯನ್ನು ಪಟ್ಟೆಂದು ಒತ್ತಿದಳು.

ಗಂಗೋತ್ರಿ ಮುಂದಕ್ಕೆ ಬಾಗಿದಳು. ಅವಳ ಗಡಿಯಾರದಲ್ಲಿ ಹೊತ್ತು ಕಡಿಮೆಯಿತ್ತು. ಚೆಕ್ ಕೊಟ್ಟಳು, ಮತ್ತೆ ಕೊಟ್ಟಳು. ಚೆನ್ನಬಸಮ್ಮ ರಾಜನನ್ನು ಒಂದೊಂದೇ ಮನೆ ನಡೆಸುತ್ತ ಸಿಪಾಯಿಯ ಪಕ್ಕಕ್ಕೆ ತಂದಳು.

"ಆಂಟಿ," ಹುಡುಗಿ ಮೆಲ್ಲಗೆ ಅಂದಳು. "ಸಮ?"

ಈ ಸಲವೂ ಅವಳ ಕಣ್ಣಲ್ಲಿ ನೀರಿತ್ತು. ಧೂಳೋ, ಮತ್ತೇನೋ. ಚೆನ್ನಬಸಮ್ಮ ನೇರವಾಗಿ ಆ ಕಣ್ಣನ್ನೇ ನೋಡಿದಳು.

"ಒಲ್ಲೆನವ್ವ. ಆಡು."

ಸಿಪಾಯಿ ಒಂದು ಮನೆ ಮುಂದೆ ಹೋಯಿತು. ಮತ್ತೊಂದು. ಕೊನೆಯ ಸಾಲಿಗೆ ಇನ್ನೊಂದೇ ಹೆಜ್ಜೆ ಇದ್ದಾಗ ಗಂಗೋತ್ರಿ ಉಸಿರು ಬಿಟ್ಟು, ತನ್ನ ರಾಜನನ್ನು ಮಲಗಿಸಿ ಕೈ ಚಾಚಿದಳು.

"ಈಗ ಭಾಳ ಸಿಟ್ಟು ಬಂದೈತ್ರಿ."

"ಬರ್ಲಿ," ಅಂದಳು ಚೆನ್ನಬಸಮ್ಮ. "ಬರಬೇಕು."

ಹಿಂದಿನಿಂದ ಸಂಗಮ್ಮ ಹಾಕಿದ ಸಿಳ್ಳೆಗೆ ಮಂಟಪವೇ ತಿರುಗಿ ನೋಡಿತು. ಗಿರಣಿ ಮನೆಯ ಸೊಸೆಗೆ ಸಿಳ್ಳೆ ಹಾಕಲು ಬರುತ್ತದೆಂದು ಕಂಪ್ಲಿಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಚೆನ್ನಬಸಮ್ಮನಿಗೂ ಸಹ. ಎದ್ದು ನಿಂತಾಗ ಅವಳ ಎದೆಯೊಳಗೆ ಯಾರೋ ಎಲ್ಲ ಕಿಟಕಿಗಳನ್ನೂ ತೆರೆದಂತಿತ್ತು. ಒಬ್ಬಳನ್ನು ಸೋಲಿಸಿದ್ದಳು. ಇಬ್ಬರೂ ಬದುಕಿದ್ದರು, ಅಷ್ಟೇ ಅಲ್ಲ, ಸೋತವಳು ಆಗಲೇ ಪ್ಲೇಟು ಹಿಡಿದು ಮಿರ್ಚಿ ಬಜ್ಜಿ ತಿನ್ನುತ್ತಿದ್ದಳು.

ಗೆದ್ದವಳಿಗೆ ಕಪ್ ಕೊಟ್ಟಾದ ಮೇಲೆ ಹನುಮಣ್ಣ ತಡವರಿಸುತ್ತ ಹೇಳಿದರು: "ಅಮ್ಮಾರ, ಮೈಸೂರಿಗೆ ಆಗೋದಿಲ್ಲ ಅಂದ್ರ ಸೋಮವಾರದೊಳಗ ನಂಗೊಂದು ಫೋನ್ ಮಾಡ್ರಿ, ಹುಡುಗಿ ಹೆಸರು ಕಳಿಸ್ತೀನಿ. ಮಾಡಲಿಲ್ಲ ಅಂದ್ರ ನಿಮ್ಮ ಹೆಸರೇ ಹೋಗ್ತೈತಿ."

ಬಸ್ ಹತ್ತುವಾಗ ಗಂಡ ಕೊಟ್ರಯ್ಯನ ಫೋನು ಬಂತು. ಸುದ್ದಿ ಗಿರಣಿಗೆ ಆಗಲೇ ಮುಟ್ಟಿತ್ತು.

"ಗೆದ್ದೆಂತಲ್ಲ! ಇಲ್ಲಿ ಹಮಾಲರಿಗೆಲ್ಲ ಪೇಡೆ ಹಂಚಿದೆ. ಕಪ್ ತಂದ್ಯಲ್ಲ, ಸಾಕು ಬಿಡು. ಮೈಸೂರು ಗೀಸೂರು ಆ ಹುಡುಗಿ ನೋಡ್ಕೊಳ್ತಾಳ. ಮುಂದಿನ ತಿಂಗಳು ಭತ್ತ ಬರ್ತೈತಿ, ಮನಿ ತುಂಬ ಮಂದಿ. ಆ ಹನುಮಣ್ಣಗ ಒಂದು ಮಾತು ಹೇಳಿಬಿಡು."

"ಪೇಡೆ ನಮಗೂ ಒಂದಿಷ್ಟು ಇಡ್ರಿ," ಅಂದಳು.

ಬಸ್ಸು ಊರು ದಾಟಿ ಕಾಲುವೆಯ ಕಡೆಗೆ ತಿರುಗಿತು. ಸಂಗಮ್ಮ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದ ಸೀಟಿನವಳಿಗೆ ಇಡೀ ಆಟವನ್ನು ತಪ್ಪು ತಪ್ಪಾಗಿ ವಿವರಿಸುತ್ತಿದ್ದಳು. ಚೆನ್ನಬಸಮ್ಮ ತಿದ್ದಲಿಲ್ಲ. ಕಿಟಕಿಯಾಚೆ ಭತ್ತದ ಗದ್ದೆಗಳು ಹಸಿರಾಗಿ ಹಿಂದಕ್ಕೆ ಸರಿಯುತ್ತಿದ್ದವು.

ಸೋಮವಾರದವರೆಗೆ ಹನುಮಣ್ಣನಿಗೆ ಫೋನು ಮಾಡುವುದಿಲ್ಲ. ಮನಸ್ಸಿನಲ್ಲಿ ಅಷ್ಟು ಗಟ್ಟಿ ಮಾಡಿಕೊಂಡು, ಗಾಳಿಗೆ ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವಳು ಆರಾಮಾಗಿ ಹಿಂದಕ್ಕೆ ಒರಗಿದಳು.